ಇವತ್ತಿನ ಮೊಡವೆ ಎರಡು ತಿಂಗಳ ಹಿಂದೆ ಹುಟ್ಟಿದ್ದು

ಬೆಳಿಗ್ಗೆ ಕನ್ನಡಿಯಲ್ಲಿ ಕೆಂಪಗೆ ಮೊಡವೆಯೊಂದು ಕಂಡರೆ, ನಿನ್ನೆ ತಿಂದದ್ದನ್ನೋ ಮೊನ್ನೆ ಹಚ್ಚಿದ ಕ್ರೀಮನ್ನೋ ದೂರುವುದು ರೂಢಿ. ಆದರೆ ಆ ಮೊಡವೆ ಕಣ್ಣಿಗೆ ಬೀಳುವ ಹೊತ್ತಿಗೆ ಚರ್ಮದೊಳಗೆ ಅದು ಶುರುವಾಗಿ ಸಾಮಾನ್ಯವಾಗಿ 8 ವಾರ ಕಳೆದಿರುತ್ತದೆ. ಮೊಡವೆಯ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಬೇಕು. ಒಳ್ಳೆಯ ಔಷಧ ಹಚ್ಚಿದರೂ ಹತ್ತು ದಿನದಲ್ಲಿ ಏನೂ ಆಗದಿರುವುದು, ಎದ್ದ ಮೊಡವೆಗಷ್ಟೇ ಜೆಲ್ ಮೆತ್ತಿದರೆ ಪಕ್ಕದಲ್ಲಿ ಹೊಸದು ಏಳುವುದು, ಮುಖ ತಿಳಿಯಾದ ಮೇಲೂ ವೈದ್ಯರು ಜೆಲ್ ಮುಂದುವರಿಸಿ ಅನ್ನುವುದು, ಇವೆಲ್ಲಕ್ಕೂ ಕಾರಣ ಈ ಎರಡು ತಿಂಗಳ ಅಂತರ.

ಒಂದು ರಂಧ್ರದೊಳಗೆ ನಡೆಯುವುದೇನು

ನಮ್ಮ ಚರ್ಮದ ತುಂಬ ಕೂದಲ ಬುಡಗಳಿವೆ. ಮುಖದಲ್ಲಿ ಕೂದಲು ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು, ಬುಡವಂತೂ ಇದ್ದೇ ಇದೆ. ಪ್ರತಿ ಬುಡಕ್ಕೂ ಅಂಟಿಕೊಂಡು ಒಂದು ಎಣ್ಣೆ ಗ್ರಂಥಿ ಇರುತ್ತದೆ. ಅದು ಸೂಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಕೂದಲಿನ ಪಕ್ಕದ ಸಣ್ಣ ಕೊಳವೆಯಲ್ಲಿ ಮೇಲೇರಿ ಬಂದು ಚರ್ಮದ ಮೇಲೆ ಹರಡುವ ಈ ಜಿಡ್ಡು ಚರ್ಮ ಒಣಗದಂತೆ ಕಾಯುತ್ತದೆ. ಕೊಳವೆಯ ಬಾಯಿಯನ್ನೇ ನಾವು ರಂಧ್ರ ಅನ್ನುವುದು. ಮುಖದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ 400ರಿಂದ 900 ಎಣ್ಣೆ ಗ್ರಂಥಿಗಳಿವೆ. ಎದೆ, ಬೆನ್ನಿನ ಮೇಲ್ಭಾಗ, ಭುಜದ ಮೇಲೂ ಅವು ದೊಡ್ಡದಾಗಿವೆ. ಮೊಡವೆ ಈ ಜಾಗಗಳನ್ನೇ ಆರಿಸಿಕೊಳ್ಳುವುದು, ಆ ಗ್ರಂಥಿಗಳೇ ಇಲ್ಲದ ಅಂಗೈಯಲ್ಲಿ ಎಂದೂ ಬಾರದಿರುವುದು ಈ ಕಾರಣಕ್ಕೆ.

ಅಡುಗೆಮನೆಯ ತೊಟ್ಟಿಯ ಪೈಪು ಕಟ್ಟಿಕೊಳ್ಳುವುದನ್ನು ನೆನೆಸಿಕೊಳ್ಳಿ. ಬರೀ ನೀರು ಹರಿದರೆ ಪೈಪು ಕಟ್ಟುವುದಿಲ್ಲ, ಬರೀ ಎಣ್ಣೆ ಹರಿದರೂ ಹೇಗೋ ಇಳಿದುಹೋಗುತ್ತದೆ. ಜಿಡ್ಡಿನ ಜೊತೆ ಅನ್ನದ ಅಗುಳು ಸೇರಿದಾಗ ಕಟ್ಟುತ್ತದೆ. ರಂಧ್ರದಲ್ಲಿ ಅಗುಳಿನ ಕೆಲಸ ಮಾಡುವುದು ಸತ್ತ ಚರ್ಮಕೋಶಗಳು. ಕೊಳವೆಯ ಒಳಗೋಡೆ ತನ್ನ ಹಳೆಯ ಕೋಶಗಳನ್ನು ದಿನಾಲೂ ಉದುರಿಸುತ್ತಿರುತ್ತದೆ. ಅವು ಬಿಡಿಬಿಡಿಯಾಗಿ ಜಿಡ್ಡಿನೊಂದಿಗೆ ಹೊರಬರಬೇಕು. ಮೊಡವೆ ಬರುವ ಚರ್ಮದಲ್ಲಿ ಕೋಶಗಳು ಹೆಚ್ಚಾಗಿ ಹುಟ್ಟುತ್ತವೆ, ಒಂದಕ್ಕೊಂದು ಅಂಟಿಕೊಂಡು ಉಳಿಯುತ್ತವೆ. ಜಿಡ್ಡು ಸೇರಿ ಒಂದು ಬಿರಡೆಯಾಗುತ್ತದೆ. ಬರಿಗಣ್ಣಿಗೆ ಕಾಣದ ಈ ಬಿರಡೆಯೇ ಎಲ್ಲ ಮೊಡವೆಗಳ ಮೊಳಕೆ. ವೈದ್ಯರು ಇದನ್ನು ಮೈಕ್ರೋಕಾಮಿಡೋನ್ ಅನ್ನುತ್ತಾರೆ.

ಬಿರಡೆಯ ಕೆಳಗೆ ಜಿಡ್ಡು ಶೇಖರವಾಗುತ್ತದೆ, ಗಾಳಿಯಾಡುವುದಿಲ್ಲ. ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾಗೆ ಬೇಕಾದದ್ದೂ ಅದೇ. (ಹಳೆಯ ಪುಸ್ತಕಗಳಲ್ಲಿ ಇದು ಪ್ರೊಪಿಯೋನಿಬ್ಯಾಕ್ಟೀರಿಯಂ ಆಕ್ನೆಸ್; 2016ರಲ್ಲಿ ಹೆಸರು ಬದಲಾಯಿತು.) ಇದು ಹೊರಗಿನಿಂದ ಬಂದ ಸೋಂಕಲ್ಲ, ಮೊಡವೆ ಇಲ್ಲದವರ ಚರ್ಮದ ಮೇಲೂ ವಾಸಿಸುವ ಜೀವಿ. ಹಾಗಾಗಿ ಮೊಡವೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಮುಚ್ಚಿದ ರಂಧ್ರದೊಳಗೆ ಅದು ಜಿಡ್ಡನ್ನು ಒಡೆದು ಬೆಳೆಯುವಾಗ ದೇಹದ ರಕ್ಷಣಾ ಕೋಶಗಳು ಅಲ್ಲಿಗೆ ಧಾವಿಸುತ್ತವೆ. ಕೆಂಪಾಗುವುದು, ಊದುವುದು, ನೋಯುವುದು, ಕೀವು ತುಂಬುವುದು ಎಲ್ಲವೂ ಈ ರಕ್ಷಣಾ ಕೋಶಗಳ ಕೆಲಸ. ಇದಕ್ಕೆ ಉರಿಯೂತ ಎಂದು ಹೆಸರು. ಅದು ಬ್ಯಾಕ್ಟೀರಿಯಾಗಾಗಿ ಕಾಯದೆ, ಬಿರಡೆ ಕಟ್ಟುವ ಮೊದಲ ಹಂತದಲ್ಲೇ ಸಣ್ಣಗೆ ಶುರುವಾಗಿರುತ್ತದೆ ಎಂಬುದು ಈಗ ತಿಳಿದಿದೆ.

ಹೆಚ್ಚಿದ ಜಿಡ್ಡು, ಕಟ್ಟಿದ ಬಾಯಿ, ಬ್ಯಾಕ್ಟೀರಿಯಾ, ಉರಿಯೂತ. ಮೊಡವೆಗೆಂದು ಇರುವ ಹೆಚ್ಚಿನ ಔಷಧಗಳು ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ತಡೆಯುತ್ತವೆ. ಒಂದಕ್ಕಿಂತ ಹೆಚ್ಚು ಔಷಧ ಬರೆದುಕೊಡುವುದು ಅದಕ್ಕೇ.

ಕರಿಚುಕ್ಕೆಯಿಂದ ಗಂಟಿನವರೆಗೆ

ಬಿರಡೆ ದೊಡ್ಡದಾದರೂ ರಂಧ್ರದ ಬಾಯಿ ಮುಚ್ಚಿಯೇ ಇದ್ದರೆ ಚರ್ಮದ ಬಣ್ಣದ ಸಣ್ಣ ಉಬ್ಬು ಕಾಣುತ್ತದೆ. ಅದು ವೈಟ್‌ಹೆಡ್, ಅಂದರೆ ಬಿಳಿಚುಕ್ಕೆ. ಬಾಯಿ ತೆರೆದುಕೊಂಡರೆ ಬ್ಲ್ಯಾಕ್‌ಹೆಡ್, ಅಂದರೆ ಕರಿಚುಕ್ಕೆ. ಅದರ ಕಪ್ಪು ಕೊಳೆಯ ಬಣ್ಣ ಎಂದೇ ಬಹಳ ಜನ ತಿಳಿದಿದ್ದಾರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ತಾಗಿ ಬದಲಾದ ಜಿಡ್ಡು ಸೇರಿ ಬಂದ ಕಪ್ಪು ಅದು. ಕತ್ತರಿಸಿಟ್ಟ ಸೇಬು ಕಂದಾಗುವ ಹಾಗೆ. ಎಷ್ಟು ಉಜ್ಜಿದರೂ ಹೋಗದು, ಉಜ್ಜಿದಷ್ಟೂ ಸುತ್ತಲಿನ ಚರ್ಮ ಕೆರಳುತ್ತದೆ.

ಉರಿಯೂತ ಸೇರಿದರೆ ಕೆಂಪು ಗುಳ್ಳೆ, ಅದರ ತುದಿಯಲ್ಲಿ ಕೀವು ಕಂಡರೆ ಕೀವುಗುಳ್ಳೆ. ರಂಧ್ರದ ಗೋಡೆ ಚರ್ಮದೊಳಗೇ ಒಡೆದು ಒಳಗಿದ್ದದ್ದು ಆಳಕ್ಕೆ ಚೆಲ್ಲಿದರೆ ಗಂಟು. ಮುಟ್ಟಿದರೆ ಗಟ್ಟಿ, ಒತ್ತಿದರೆ ನೋವು, ವಾರಗಟ್ಟಲೆ ಕೂತುಬಿಡುತ್ತದೆ. ಮೊಡವೆಯನ್ನು ಹಿಚುಕಬಾರದು ಅನ್ನುವುದಕ್ಕೆ ಅಸಲಿ ಕಾರಣ ಇಲ್ಲಿದೆ. ಎರಡು ಬೆರಳಿನ ಒತ್ತಡ ಮೇಲಕ್ಕೆ ಮಾತ್ರ ಹೋಗುವುದಿಲ್ಲ, ಕೆಳಕ್ಕೂ ಹೋಗುತ್ತದೆ. ತುದಿಯಿಂದ ಒಂದು ಹನಿ ಕೀವು ಹೊರಬಂದಾಗ, ತೆಳುವಾಗಿದ್ದ ಗೋಡೆ ಕೆಳಗೆ ಬಿರಿದು ಉಳಿದದ್ದು ಒಳಗೆ ಹರಡಿರುತ್ತದೆ. ಮೂರು ದಿನದಲ್ಲಿ ಆರಬಹುದಾಗಿದ್ದ ಗುಳ್ಳೆ ಹದಿನೈದು ದಿನದ ಗಂಟಾಗುವುದು, ಆಮೇಲೆ ಅಲ್ಲೊಂದು ಗುಳಿ ಉಳಿಯುವುದು ಹೀಗೆ.

ಕೆಲವರಿಗೇ ಯಾಕೆ ಹೆಚ್ಚು

ಎಣ್ಣೆ ಗ್ರಂಥಿಯ ಕೀಲಿಕೈ ಇರುವುದು ಆಂಡ್ರೋಜೆನ್ ಎಂಬ ಹಾರ್ಮೋನುಗಳ ಬಳಿ. ಇವು ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಕಡಿಮೆ, ಆದರೆ ಇಬ್ಬರಲ್ಲೂ ಇವೆ. ಹರೆಯದಲ್ಲಿ ಇವು ಏರಿದಾಗ ಗ್ರಂಥಿ ಹಿಗ್ಗುತ್ತದೆ, ಜಿಡ್ಡು ಹೆಚ್ಚುತ್ತದೆ. ಮೊಡವೆ ಇರುವ ಬಹುಪಾಲು ಜನರ ರಕ್ತಪರೀಕ್ಷೆ ಮಾಡಿದರೆ ಹಾರ್ಮೋನ್ ಮಟ್ಟ ಸರಿಯಾಗಿಯೇ ಇರುತ್ತದೆ. ಅಷ್ಟೇ ಹಾರ್ಮೋನಿಗೆ ಅವರ ಗ್ರಂಥಿಗಳು ಹೆಚ್ಚು ಓಗೊಡುತ್ತವೆ. ಆ ಗುಣ ಬರುವುದು ಹೆಚ್ಚಾಗಿ ತಂದೆತಾಯಿಯಿಂದ. ಅಪ್ಪನಿಗೋ ಅಮ್ಮನಿಗೋ ಮೊಡವೆಯ ಗುಳಿಗಳು ಉಳಿದಿದ್ದರೆ ಮಕ್ಕಳಿಗೆ ಚಿಕಿತ್ಸೆಯನ್ನು ಬೇಗ ಶುರುಮಾಡುವುದು ಲೇಸು.

ಹೆಂಗಸರಲ್ಲಿ 25 ದಾಟಿದ ಮೇಲೂ ದವಡೆಯ ಅಂಚು, ಗಲ್ಲದ ಸುತ್ತ ಮೊಡವೆ ಏಳುವುದು, ಮುಟ್ಟಿನ ಹಿಂದಿನ ವಾರ ಹೆಚ್ಚುವುದು ಅಪರೂಪವಲ್ಲ. ಅದರ ಜೊತೆ ಮುಟ್ಟು ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿದ್ದರೆ, ಗಲ್ಲದ ಮೇಲೆ ದಪ್ಪ ಕೂದಲು ಬರುತ್ತಿದ್ದರೆ ಪಿಸಿಓಎಸ್ ಎಂಬ ಅಂಡಾಶಯ ಮತ್ತು ಹಾರ್ಮೋನಿನ ತೊಂದರೆ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಊಟದ ಪಾತ್ರ ಇದೆ, ಆದರೆ ಜನ ಹೇಳುವಷ್ಟು ದೊಡ್ಡದಲ್ಲ. ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ಆಹಾರ ಇನ್ಸುಲಿನ್ನನ್ನೂ ಏರಿಸುತ್ತದೆ, ಅದು ಎಣ್ಣೆ ಗ್ರಂಥಿಯನ್ನು ಕೆಣಕುತ್ತದೆ. ಹಾಲು, ಅದರಲ್ಲೂ ಕೆನೆ ತೆಗೆದ ಹಾಲಿಗೂ ಮೊಡವೆಗೂ ನಂಟು ಅಧ್ಯಯನಗಳಲ್ಲಿ ಕಂಡಿದೆ. ಜಿಮ್‌ಗೆ ಹೋಗುವವರು ತೆಗೆದುಕೊಳ್ಳುವ ವೇ ಪ್ರೋಟೀನ್ ಪುಡಿಯಿಂದ ಮೊಡವೆ ಹೆಚ್ಚಾದ ವರದಿಗಳೂ ಇವೆ. ಎಣ್ಣೆಯಲ್ಲಿ ಕರಿದದ್ದನ್ನು ತಿಂದರೆ ಆ ಎಣ್ಣೆಯೇ ಮುಖಕ್ಕೆ ಬರುತ್ತದೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಪಥ್ಯದಿಂದ ಸ್ವಲ್ಪ ಅನುಕೂಲವಾಗಬಹುದು, ಔಷಧದ ಬದಲಿಗೆ ಅದು ಸಾಲದು.

ಹೊರಗಿನ ಕಾರಣಗಳನ್ನು ಮೊಡವೆ ಎದ್ದ ಜಾಗವೇ ಹೇಳುತ್ತದೆ. ಹಣೆಯಲ್ಲಿ ಕೂದಲಂಚಿಗೆ ಸಾಲಾಗಿ ಬಂದಿದ್ದರೆ ತಲೆಗೆ ಹಚ್ಚುವ ಎಣ್ಣೆಯೋ ಜೆಲ್ಲೋ ಇಳಿದು ರಂಧ್ರ ಮುಚ್ಚಿರಬಹುದು. ಗಲ್ಲದ ಕೆಳಗೆ ಹೆಲ್ಮೆಟ್ ಪಟ್ಟಿ ಉಜ್ಜುವಲ್ಲಿ, ಭುಜದ ಮೇಲೆ ಬ್ಯಾಗಿನ ಪಟ್ಟಿ ಕೂರುವಲ್ಲಿ ಬಂದಿದ್ದರೆ ಬೆವರು ಮತ್ತು ತಿಕ್ಕಾಟ ಕಾರಣ.

ಮೊಡವೆಯಂತೆ ಕಂಡರೂ ಬೇರೆಯೇ ಇರುವುದು

ಹಣೆ, ಎದೆ, ಬೆನ್ನಿನ ಮೇಲೆ ಒಂದೇ ಅಳತೆಯ ಸಣ್ಣ ಗುಳ್ಳೆಗಳು ಒಮ್ಮೆಗೇ ಎದ್ದು ತುರಿಸುತ್ತಿವೆ, ನಡುವೆ ಒಂದೂ ಬ್ಲ್ಯಾಕ್‌ಹೆಡ್ ಇಲ್ಲ ಎಂದಾದರೆ ಅದು ಮಲಸೇಜಿಯಾ ಎಂಬ ಶಿಲೀಂಧ್ರದಿಂದ ಆದದ್ದಿರಬಹುದು. ಮೊಡವೆಗೆಂದು ಆ್ಯಂಟಿಬಯೋಟಿಕ್ ಕೊಟ್ಟರೆ ಇದು ಇನ್ನಷ್ಟು ಹೆಚ್ಚುತ್ತದೆ. ಶಿಲೀಂಧ್ರಕ್ಕೆ ಅದರದ್ದೇ ಔಷಧ ಬೇಕು.

ಇನ್ನೊಂದನ್ನು ಸ್ವಲ್ಪ ಒತ್ತಿ ಹೇಳಬೇಕು. ಬೀಟಾಮೆಥಾಸೋನ್, ಕ್ಲೋಬೆಟಸಾಲ್ ಮುಂತಾದ ಸ್ಟೀರಾಯ್ಡ್ ಇರುವ ಕ್ರೀಮನ್ನು ಬೆಳ್ಳಗಾಗಲೆಂದೋ ಮೊಡವೆ ಇಳಿಯಲೆಂದೋ ಮುಖಕ್ಕೆ ಹಚ್ಚುವವರಿದ್ದಾರೆ. ಮೊದಲ ವಾರ ಮುಖ ನುಣುಪಾಗುತ್ತದೆ, ಕೆಂಪು ಇಳಿಯುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ಅದುಮಿಡುವುದರಿಂದ ಹಾಗೆ ಕಾಣುತ್ತದೆ. ಕೆಲವು ವಾರಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪು ಎಳೆಗಳಾಗಿ ಕಾಣತೊಡಗುತ್ತವೆ, ಹೊಸ ಗುಳ್ಳೆಗಳು ಏಳುತ್ತವೆ, ಕ್ರೀಮು ಬಿಟ್ಟ ಎರಡೇ ದಿನಕ್ಕೆ ಮುಖ ಉರಿಯುತ್ತದೆ. ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುತ್ತಾರೆ. ಟ್ಯೂಬಿನ ಹಿಂಬದಿಯಲ್ಲಿ ಈ ಹೆಸರುಗಳಿವೆಯೇ ಎಂದು ಇವತ್ತೇ ಓದಿ ನೋಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ನೀವಾಗಿ ಥಟ್ಟನೆ ನಿಲ್ಲಿಸುವ ಬದಲು ಚರ್ಮರೋಗ ತಜ್ಞರ ನೆರವಿನಿಂದ ಬಿಡಿಸಿಕೊಳ್ಳಿ.

ಹಚ್ಚುವ ಔಷಧಗಳು: ಯಾವುದು, ಎಷ್ಟು, ಹೇಗೆ

ಬೆಂಜಾಯಿಲ್ ಪೆರಾಕ್ಸೈಡ್ ರಂಧ್ರದೊಳಗೆ ಆಮ್ಲಜನಕ ಬಿಡುಗಡೆ ಮಾಡಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎಷ್ಟು ಕಾಲ ಬಳಸಿದರೂ ಬ್ಯಾಕ್ಟೀರಿಯಾ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಅದೇ ಇದರ ದೊಡ್ಡ ಗುಣ. 2.5%, 5%, 10% ಪ್ರಮಾಣಗಳಲ್ಲಿ ಸಿಗುತ್ತದೆ. ಪ್ರಮಾಣ ಏರಿದಂತೆ ಉರಿ, ಸಿಪ್ಪೆ ಏಳುವುದು ಏರುತ್ತದೆ. ಗುಣ ಆ ಲೆಕ್ಕದಲ್ಲಿ ಏರುವುದಿಲ್ಲ. ಮುಖಕ್ಕೆ 2.5% ಸಾಕು. ಬೆನ್ನಿಗೆ ತೊಳೆಯುವ ರೂಪದ್ದನ್ನು ಹಚ್ಚಿ 2ರಿಂದ 5 ನಿಮಿಷ ಬಿಟ್ಟು ತೊಳೆಯಬಹುದು. ಇದು ಬಟ್ಟೆಯ ಬಣ್ಣ ತೆಗೆಯುತ್ತದೆ, ಆದ್ದರಿಂದ ದಿಂಬಿನ ಚೀಲ, ಟವೆಲ್ ಬಿಳಿಯದಿದ್ದರೆ ಒಳ್ಳೆಯದು.

ಸ್ಯಾಲಿಸಿಲಿಕ್ ಆಮ್ಲ (0.5%ರಿಂದ 2%) ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗೆ ಇಳಿದು ಬಿರಡೆಯನ್ನು ಸಡಿಲಿಸುತ್ತದೆ. ಕರಿಚುಕ್ಕೆ, ಬಿಳಿಚುಕ್ಕೆ ಮಾತ್ರ ಇರುವವರಿಗೆ ಆದೀತು. ಕೆಂಪು ಮೊಡವೆಗೆ ಇದರ ಬಲ ಕಡಿಮೆ.

ಬಿರಡೆ ಕಟ್ಟುವುದನ್ನೇ ತಡೆಯುವುದು ರೆಟಿನಾಯ್ಡ್‌ಗಳು. ಇವು ವಿಟಮಿನ್ ಎ ಬಳಗಕ್ಕೆ ಸೇರಿದವು. ಅಡಾಪಲೀನ್ 0.1%, ಟ್ರೆಟಿನಾಯಿನ್ 0.025% ಹೆಚ್ಚಾಗಿ ಬಳಕೆಯಲ್ಲಿವೆ. ಕೋಶಗಳು ಅಂಟಿಕೊಳ್ಳದೆ ಬಿಡಿಯಾಗಿ ಉದುರುವಂತೆ ಮಾಡುತ್ತವೆ, ಉರಿಯೂತವನ್ನೂ ಇಳಿಸುತ್ತವೆ. ಮೊಡವೆಯ ಚಿಕಿತ್ಸೆಗೆ ಇವೇ ಬೆನ್ನೆಲುಬು. ಜನ ಅರ್ಧಕ್ಕೆ ಬಿಟ್ಟುಬಿಡುವುದೂ ಇವನ್ನೇ, ಯಾಕೆಂದರೆ ಹಚ್ಚುವ ಕ್ರಮ ತಪ್ಪುತ್ತದೆ. ಕ್ರಮ ಹೀಗೆ:

ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಿಂದ ಮುಖ ತೊಳೆದು, ಉಜ್ಜದೆ ಒತ್ತಿ ಒರೆಸಿ. 15ರಿಂದ 20 ನಿಮಿಷ ಬಿಡಿ, ಒದ್ದೆ ಚರ್ಮದ ಮೇಲೆ ಹಚ್ಚಿದರೆ ಉರಿ ಜಾಸ್ತಿ. ಇಡೀ ಮುಖಕ್ಕೆ ಕಡಲೆಕಾಳಿನಷ್ಟು ಜೆಲ್ ಸಾಕು. ಬೆರಳ ತುದಿಯಲ್ಲಿ ತೆಗೆದುಕೊಂಡು ಹಣೆ, ಎರಡು ಕೆನ್ನೆ, ಮೂಗು, ಗಲ್ಲ ಹೀಗೆ ಐದು ಕಡೆ ಚುಕ್ಕೆ ಇಟ್ಟು ತೆಳ್ಳಗೆ ಹರಡಿ. ಮೊಡವೆ ಇರುವಲ್ಲಿಗಷ್ಟೇ ಹಚ್ಚಿದರೆ ಪ್ರಯೋಜನ ಕಡಿಮೆ. ಮುಂದಿನ ಎರಡು ತಿಂಗಳಲ್ಲಿ ಏಳಲಿರುವ ಮೊಡವೆಗಳು ಈಗ ನುಣ್ಣಗೆ ಕಾಣುವ ಜಾಗದ ಕೆಳಗೆ ಕೂತಿವೆ, ಔಷಧ ತಲುಪಬೇಕಾದ್ದು ಅಲ್ಲಿಗೆ. ಕಣ್ಣಿನ ಅಂಚು, ಮೂಗಿನ ಪಕ್ಕದ ಮಡಿಕೆ, ತುಟಿಯ ಮೂಲೆ ಬಿಟ್ಟುಬಿಡಿ. ಅಲ್ಲಿ ಜೆಲ್ ನಿಂತು ಚರ್ಮ ಬಿರಿಯುತ್ತದೆ. ಮೇಲೆ ಎಣ್ಣೆಯಂಶವಿಲ್ಲದ, ರಂಧ್ರ ಮುಚ್ಚದ ಮಾಯಿಶ್ಚರೈಸರ್ ಹಚ್ಚಿ. ಅಂಥದ್ದರ ಮೇಲೆ ನಾನ್‌ಕಾಮಿಡೋಜೆನಿಕ್ ಎಂದು ಬರೆದಿರುತ್ತದೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ಹಚ್ಚಿ, ಚರ್ಮ ಒಗ್ಗಿದ ಮೇಲೆ ದಿನಾಲೂ. ಚರ್ಮ ತುಂಬ ನಾಜೂಕಾಗಿದ್ದರೆ ಮಾಯಿಶ್ಚರೈಸರ್ ಮೊದಲು ಹಚ್ಚಿ ಅದರ ಮೇಲೆ ಜೆಲ್ ಹಚ್ಚಬಹುದು.

ಶುರುಮಾಡಿದ 2ರಿಂದ 4 ವಾರಗಳಲ್ಲಿ ಮೊಡವೆ ಹೆಚ್ಚಾದಂತೆ ಕಾಣಬಹುದು. ಒಳಗಿದ್ದ ಬಿರಡೆಗಳು ಬೇಗ ಮೇಲೆ ಬರುವ ಹೊತ್ತು ಅದು. ಇಲ್ಲಿ ಬಿಟ್ಟವರಿಗೆ ಕಷ್ಟವಷ್ಟೇ ದಕ್ಕುತ್ತದೆ, ಫಲವಿಲ್ಲ. 8ರಿಂದ 12 ವಾರ ಕಳೆದ ಮೇಲೆ ಕೆಲಸ ಮಾಡಿದೆಯೋ ಇಲ್ಲವೋ ನೋಡಬೇಕು. ಒಂದೇ ಬೆಳಕಿನಲ್ಲಿ, ಒಂದೇ ಕೋನದಿಂದ ತಿಂಗಳಿಗೊಂದು ಫೋಟೊ ತೆಗೆದಿಟ್ಟರೆ ಹೋಲಿಕೆ ಸುಲಭ. ದಿನಾ ಕನ್ನಡಿ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ.

ಟ್ರೆಟಿನಾಯಿನ್ ಬೆಳಕಿಗೂ ಬೆಂಜಾಯಿಲ್ ಪೆರಾಕ್ಸೈಡ್‌ಗೂ ಕೆಡುತ್ತದೆ, ಹಾಗಾಗಿ ಅದು ರಾತ್ರಿಗೆ, ಪೆರಾಕ್ಸೈಡ್ ಬೆಳಿಗ್ಗೆಗೆ. ಅಡಾಪಲೀನ್ ಕೆಡುವುದಿಲ್ಲ, ಎರಡೂ ಸೇರಿದ ಜೆಲ್ಲೇ ಸಿಗುತ್ತದೆ. ಹಗಲಿನಲ್ಲಿ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಬೇಕು. ಗರ್ಭಿಣಿಯರು, ಗರ್ಭ ಧರಿಸುವ ಯೋಚನೆಯಲ್ಲಿರುವವರು ರೆಟಿನಾಯ್ಡ್ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಮ್ಲ (15% ಅಥವಾ 20%) ಇದೆ. ಮೊಡವೆ ಬಿಟ್ಟುಹೋದ ಕಂದು ಕಲೆಯನ್ನೂ ಅದು ತಿಳಿಯಾಗಿಸುತ್ತದೆ.

ಕ್ಲಿಂಡಾಮೈಸಿನ್ 1% ಜೆಲ್ ಆ್ಯಂಟಿಬಯೋಟಿಕ್. ಒಂದನ್ನೇ ಹಚ್ಚುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಇರಲೇಬೇಕು.

ಟೂತ್‌ಪೇಸ್ಟ್, ನಿಂಬೆರಸ, ಅಡುಗೆಸೋಡಾ ಬೇಡ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ (ಹುಳಿ, ಕ್ಷಾರದ ಅಳತೆ) 5ರ ಆಸುಪಾಸು. ನಿಂಬೆರಸದ್ದು 2ರ ಹತ್ತಿರ, ಸೋಡಾ ನೀರಿನದ್ದು 8ಕ್ಕಿಂತ ಮೇಲೆ. ಎರಡೂ ಚರ್ಮದ ಕಾವಲು ಪದರವನ್ನು ಕೆಡಿಸುತ್ತವೆ.

ನುಂಗುವ ಔಷಧಗಳು

ಎದೆ, ಬೆನ್ನಿಗೆಲ್ಲ ಹರಡಿದ ಕೆಂಪು ಮೊಡವೆಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕೊಡುವುದುಂಟು. ಅದನ್ನು ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಸಾಮಾನ್ಯವಾಗಿ 3ರಿಂದ 4 ತಿಂಗಳಿಗೆ ನಿಲ್ಲಿಸುತ್ತಾರೆ, ಅಷ್ಟು ದಿನವೂ ಹಚ್ಚುವ ಔಷಧ ಜೊತೆಗಿರಬೇಕು. ಗರ್ಭಿಣಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಹಾರ್ಮೋನ್ ಕಾರಣವಿರುವ ಹೆಂಗಸರಿಗೆ ಕೆಲವು ಬಗೆಯ ಗರ್ಭನಿರೋಧಕ ಮಾತ್ರೆ, ಆಂಡ್ರೋಜೆನ್ ಕೆಲಸವನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೆಲಸಕ್ಕೆ ಬರುತ್ತವೆ. ಇವು ಫಲ ಕೊಡಲು 3ರಿಂದ 6 ತಿಂಗಳು ಬೇಕು.

ಗಂಟುಗಳು ಏಳುತ್ತಿದ್ದರೆ, ಗುಳಿ ಬೀಳುತ್ತಿದ್ದರೆ, ಬೇರೆ ಯಾವುದಕ್ಕೂ ಬಗ್ಗದಿದ್ದರೆ ವಿಟಮಿನ್ ಎ ಬಳಗದ್ದೇ ಆದ ಐಸೊಟ್ರೆಟಿನಾಯಿನ್ ಕೊಡುತ್ತಾರೆ. ಅಮೆರಿಕದಲ್ಲಿ ಇದಕ್ಕೆ 1982ರಲ್ಲಿ ಅನುಮತಿ ಸಿಕ್ಕಿತು. ನಾಲ್ಕೂ ಕಾರಣಗಳನ್ನು ಒಟ್ಟಿಗೆ ತಡೆಯುವ ಔಷಧ ಇದೊಂದೇ. ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತದೆ. ದಿನಕ್ಕೆ ಮೈತೂಕದ ಕಿಲೋಗೆ 0.5ರಿಂದ 1 ಮಿಲಿಗ್ರಾಂ, ಇಡೀ ಚಿಕಿತ್ಸೆಗೆ ಕಿಲೋಗೆ 120ರಿಂದ 150 ಮಿಲಿಗ್ರಾಂ ಎಂಬುದು ರೂಢಿಯ ಲೆಕ್ಕ. 60 ಕಿಲೋ ತೂಗುವವರಿಗೆ ಒಟ್ಟು 7,200 ಮಿಲಿಗ್ರಾಂ ಆಗಬೇಕೆಂದರೆ, ದಿನಕ್ಕೆ 30 ಮಿಲಿಗ್ರಾಂನಂತೆ 240 ದಿನ, ಅಂದರೆ 8 ತಿಂಗಳು. ಮೂರನೇ ತಿಂಗಳಿಗೆ ಮುಖ ತಿಳಿಯಾಯಿತೆಂದು ಬಿಟ್ಟುಬಿಟ್ಟರೆ ಮೊಡವೆ ಮರಳುವ ಸಂಭವ ಹೆಚ್ಚು. ಜಿಡ್ಡಿನಂಶ ಇರುವ ಊಟದ ಜೊತೆ ನುಂಗಿದರೆ ಮೈಗೆ ಹತ್ತುತ್ತದೆ, ಖಾಲಿ ಹೊಟ್ಟೆಯಲ್ಲಿ ಬಹಳಷ್ಟು ವ್ಯರ್ಥ.

ತುಟಿ ಒಡೆಯುವುದು ಬಹುತೇಕ ಎಲ್ಲರಿಗೂ ಆಗುತ್ತದೆ, ಕಣ್ಣು ಮೂಗು ಒಣಗುತ್ತವೆ. ಯಕೃತ್ತು ಮತ್ತು ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಡಾಕ್ಸಿಸೈಕ್ಲಿನ್ ಜೊತೆ ಕೂಡದು, ಮಿದುಳಿನ ಸುತ್ತ ಒತ್ತಡ ಏರಬಹುದು. ವಿಟಮಿನ್ ಎ ಮಾತ್ರೆಯೂ ಬೇಡ. ಮನಸ್ಸು ಕುಗ್ಗಿದಂತಾದರೆ ತಡಮಾಡದೆ ವೈದ್ಯರಿಗೆ ಹೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಗರ್ಭದ ವಿಚಾರ. ಇದು ಹೊಟ್ಟೆಯಲ್ಲಿರುವ ಮಗುವಿಗೆ ಘೋರ ಅಂಗದೋಷ ತರುತ್ತದೆ. ಶುರುಮಾಡುವ 1 ತಿಂಗಳ ಮೊದಲಿನಿಂದ ನಿಲ್ಲಿಸಿದ 1 ತಿಂಗಳವರೆಗೆ ಗರ್ಭ ನಿಲ್ಲಲೇಬಾರದು. ಗಂಡಸಾಗಲಿ ಹೆಂಗಸಾಗಲಿ ಆ 1 ತಿಂಗಳು ಮುಗಿಯುವ ತನಕ ರಕ್ತದಾನ ಮಾಡಬಾರದು. ಆ ರಕ್ತ ಯಾವುದೋ ಗರ್ಭಿಣಿಗೆ ಹೋಗಬಹುದು.

ಒಂದೇ ಒಂದು ದೊಡ್ಡ ಗಂಟು ಕಾಡುತ್ತಿದ್ದರೆ ತಜ್ಞರು ಅದರೊಳಕ್ಕೆ ಅಳತೆ ಮಾಡಿದ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಮೊಡವೆಯ ಜೊತೆ ಜ್ವರ, ಕೀಲುನೋವು ಬಂದು ಗಂಟುಗಳು ಹುಣ್ಣಾಗತೊಡಗಿದರೆ ಅದು ಅಪರೂಪದ ತೀವ್ರ ಬಗೆ, ಅಂದೇ ವೈದ್ಯರ ಬಳಿ ಹೋಗಬೇಕು.

ಕಲೆ ಮತ್ತು ಗುಳಿ

ಎರಡೂ ಒಂದೇ ಅಲ್ಲ. ಕಿಟಕಿಯ ಪಕ್ಕ ನಿಂತು, ಬೆಳಕು ಓರೆಯಾಗಿ ಬೀಳುವಂತೆ ಮುಖ ತಿರುಗಿಸಿ, ಆ ಜಾಗದ ಮೇಲೆ ಬೆರಳಾಡಿಸಿ. ನೆರಳು ಬೀಳದೆ, ಬೆರಳಿಗೆ ತಗ್ಗು ಸಿಗದೆ ಬರೀ ಬಣ್ಣ ಕಂಡರೆ ಅದು ಕಲೆ. ಉರಿಯೂತ ಇಳಿದ ಮೇಲೆ ಮೆಲನಿನ್ ಉಳಿದುಕೊಂಡಿದೆ ಅಷ್ಟೇ, ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ. ಬಿಸಿಲು ಬಿದ್ದರೆ ಕಪ್ಪಾಗಿ ಉಳಿಯುತ್ತದೆ, ಆದ್ದರಿಂದ ಸನ್‌ಸ್ಕ್ರೀನ್ ಇಲ್ಲದೆ ಕಲೆಯ ಕ್ರೀಮು ಹಚ್ಚಿ ಫಲವಿಲ್ಲ.

ತಗ್ಗು ಸಿಕ್ಕರೆ ಅದು ಗುಳಿ, ಚರ್ಮಕ್ಕೆ ಆಧಾರವಾದ ಕೊಲ್ಯಾಜೆನ್ ಎಂಬ ನಾರು ಒಳಗೆ ನಷ್ಟವಾಗಿದೆ. ಇದಕ್ಕೆ ಯಾವ ಕ್ರೀಮೂ ಸಾಲದು. ಸೂಜಿ ಚುಚ್ಚಿದಂಥ ಕಿರಿದಾದ ಆಳದ ಗುಳಿಗೆ ಬಲವಾದ ಟಿಸಿಎ ಆಮ್ಲದ ಬೊಟ್ಟು, ಅಲೆಯಂತೆ ಅಗಲವಾಗಿ ತಗ್ಗಿದ್ದಕ್ಕೆ ಅಡಿಯಲ್ಲಿ ಎಳೆದು ಹಿಡಿದ ನಾರನ್ನು ಸೂಜಿಯಿಂದ ಬಿಡಿಸುವ ಸಬ್‌ಸಿಶನ್, ಒಟ್ಟಾರೆ ಹದಕ್ಕೆ ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಅಥವಾ ಲೇಸರ್ ಬಳಸುತ್ತಾರೆ. ಹಲವು ಸರದಿ ಬೇಕು. ಗುಳಿ ಕಡಿಮೆಯಾಗುತ್ತದೆ, ಪೂರ್ತಿ ಅಳಿಯುವುದಿಲ್ಲ. ಹೊಸ ಮೊಡವೆ ನಿಂತ ಮೇಲಷ್ಟೇ ಇದಕ್ಕೆ ಕೈಹಾಕಬೇಕು.

ಮುಖ ತಿಳಿಯಾದ ನಂತರ

ಕಾಣುವ ಮೊಡವೆಗಳು ಹೋದರೂ ಕಾಣದ ಬಿರಡೆಗಳು ಹುಟ್ಟುತ್ತಲೇ ಇರುತ್ತವೆ, ಏಕೆಂದರೆ ಗ್ರಂಥಿಯೂ ಹಾರ್ಮೋನೂ ಹಾಗೇ ಇವೆ. ಅದಕ್ಕೇ ಆ್ಯಂಟಿಬಯೋಟಿಕ್ ನಿಲ್ಲಿಸಿದ ಮೇಲೂ ಅಡಾಪಲೀನ್ ಮುಂದುವರಿಯುತ್ತದೆ. ತಿಂಗಳುಗಟ್ಟಲೆ ಹೊಸದು ಏಳದಿದ್ದರೆ ದಿನ ಬಿಟ್ಟು ದಿನಕ್ಕೆ, ಆಮೇಲೆ ವಾರಕ್ಕೆ ಎರಡು ಸಲಕ್ಕೆ ಇಳಿಸಬಹುದು. ಪೂರ್ತಿ ನಿಲ್ಲಿಸಿದಾಗ ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಹಾಕಿಕೊಂಡು, 8 ವಾರ ಕಳೆದ ಮೇಲೆ ಅದೇ ಕಿಟಕಿಯ ಬೆಳಕಿನಲ್ಲಿ ಹಣೆ ಮತ್ತು ಗಲ್ಲವನ್ನು ನೋಡಿ. ಸಣ್ಣ ಬಿಳಿಚುಕ್ಕೆಗಳು ತಲೆಯೆತ್ತಿದ್ದರೆ ಅದೇ ಜೆಲ್ಲನ್ನು ಅದೇ ಕಡಲೆಕಾಳಿನಷ್ಟು ಅಳತೆಯಲ್ಲಿ ಮತ್ತೆ ಶುರುಮಾಡಿ.